ಡಿವಿಡಿ ಬೆಲೆ ಮೂರು ಪಟ್ಟು: ಕಾರಣ ಏನು, ಕೊಳ್ಳೋರು ಏನು ನೋಡ್ಬೇಕು?

ಶಿರಾಗೇಟ್ ಸಂಗ್ರಹ, ತುಮಕೂರು
ಆನ್‌ಲೈನ್ ಅಂಗಡೀಲಿ ಕನ್ನಡ ಡಿವಿಡಿಗಳ ಬೆಲೆ ನೋಡಿದ್ರೆ ಹೊಟ್ಟೆ ಉರಿಯುತ್ತೆ. ಯುಗಾದಿ ಹೊತ್ತಿಗೆ 249 ರೂಪಾಯಿ ಇದ್ದ ಕಪ್ಪುಬಿಳುಪು ಚಿತ್ರದ ಡಿಸ್ಕು ಆಷಾಢದಲ್ಲಿ 449 ಆಯ್ತು, ಈ ವಾರ 899. ಹೊಸ ಮುದ್ರಣ ಅಲ್ಲ, ಪ್ರಿಂಟ್ ಸುಧಾರಿಸಿಲ್ಲ, ಅದೇ ಹಳೇ ಕವರ್. ಮೇಲೆ 'ಎಂಆರ್‌ಪಿ 1,499, ಶೇ 40 ರಿಯಾಯಿತಿ' ಅಂತ ಬೇರೆ ಹಾಕಿದ್ದಾರೆ. ನಮ್ಮ ತಿಪಟೂರಿನ ನರಸಿಂಹರಾಜು ಅವರ ಚಿತ್ರಗಳನ್ನ ಒಂದೊಂದಾಗಿ ಸೇರಿಸಿಡೋಣ ಅನ್ನೋರಿಗೆ ಹತ್ತು ಡಿಸ್ಕಿಗೆ ಒಂಬತ್ತು ಸಾವಿರ. ಯಾಕೆ ಹೀಗೆ? ಇದಕ್ಕೊಂದು ಮಿತಿ ಅನ್ನೋದೇ ಇಲ್ವಾ? ಗೊತ್ತಿರೋರು ಬಿಡಿಸಿ ಹೇಳಿ.

ಚಿಂತಾಮಣಿ ಕಡೆಯವ
ಆ 1,499 ಡಿಸ್ಕಿನ ಹಿಂದೆ ಅಚ್ಚಾಗಿದೆಯಾ, ಇಲ್ಲ ಬರೀ ವೆಬ್ ಪುಟದ ಮೇಲಿದೆಯಾ, ಅದನ್ನ ಮೊದಲು ನೋಡಿ ಸಾರ್. ಅರ್ಧ ಉತ್ತರ ಅಲ್ಲೇ ಸಿಗುತ್ತೆ.

ಶಿರಾಗೇಟ್ ಸಂಗ್ರಹ, ತುಮಕೂರು
ಪುಟದಲ್ಲಿ ಹಿಂಬದಿಯ ಫೋಟೋ ಮಸುಕಾಗಿದೆ. ದೊಡ್ಡದು ಮಾಡಿದ್ರೆ 199 ಅನ್ನೋ ಹಾಗೆ ಕಾಣುತ್ತೆ.

ಎಂ.ಜಿ. ರಸ್ತೆ ಅಂಗಡಿ, ತುಮಕೂರು
ಮಾರೋ ಕಡೆಯ ಲೆಕ್ಕ ಹೇಳ್ತೀನಿ, ಆಮೇಲೆ ಯಾರನ್ನ ಬೈಬೇಕು ಅಂತ ನೀವೇ ತೀರ್ಮಾನಿಸಿ.

ಡಿವಿಡಿ ಅಂದ್ರೆ ಅಗ್ಗ ಅನ್ನೋ ಭಾವನೆ ನಮಗೆ ಬಂದದ್ದೇ 2007ರ ಸುಮಾರಿಗೆ. ಮೋಸರ್ ಬೇರ್ ಕಂಪನಿ ವಿಸಿಡಿಗೆ 28, ಡಿವಿಡಿಗೆ 34 ರೂಪಾಯಿ ಇಟ್ಟು ಕಳ್ಳ ಪ್ರತಿಗಳ ಬೆಲೆಗೇ ಅಸಲಿ ಡಿಸ್ಕ್ ಕೊಟ್ಟಿತು. ಡಿಸ್ಕ್ ತಯಾರಿಸೋ ಕಾರ್ಖಾನೆ ಅವರದ್ದೇ, ಲಕ್ಷಗಟ್ಟಲೆ ಪ್ರತಿ ಹೊಡೀತಿದ್ರು, ಹಾಗಾಗಿ ಆ ಬೆಲೆ ಗಿಟ್ತಿತ್ತು. 2018ರಲ್ಲಿ ಆ ಕಂಪನಿಯನ್ನೇ ಮುಚ್ಚಿ ಆಸ್ತಿ ಮಾರೋಕೆ ಆದೇಶ ಆಯ್ತು.

ಡಿಸ್ಕ್ ಹೊಡೆಯೋದು ಜೆರಾಕ್ಸ್ ಮಾಡಿದ ಹಾಗಲ್ಲ. ಮೊದಲು ಗಾಜಿನ ಮಾಸ್ಟರ್ ಅಂದ್ರೆ ಮೂಲ ಪ್ರತಿ, ಅದರಿಂದ ಲೋಹದ ಸ್ಟ್ಯಾಂಪರ್ ಅಂದ್ರೆ ಒತ್ತೋ ಅಚ್ಚು, ಅದರಿಂದ 0.6 ಮಿಲಿಮೀಟರಿನ ಎರಡು ಪಾಲಿಕಾರ್ಬೊನೇಟ್ (ಗಟ್ಟಿ ಪ್ಲಾಸ್ಟಿಕ್) ಬಿಲ್ಲೆ, ಆಮೇಲೆ ಅವೆರಡನ್ನೂ ಅಂಟಿಸಿ 1.2 ಮಿಲಿಮೀಟರಿನ ಒಂದು ಡಿಸ್ಕ್. ಮಾಸ್ಟರ್ ಮಾಡೋ ಖರ್ಚು 500 ಪ್ರತಿ ತೆಗೆದ್ರೂ ಅಷ್ಟೇ, 50,000 ತೆಗೆದ್ರೂ ಅಷ್ಟೇ. ಹಳೇ ಕನ್ನಡ ಚಿತ್ರಕ್ಕೆ ಈಗ 500 ಜನ ಒಟ್ಟಿಗೆ ಸಿಗಲ್ಲ, ಅದಕ್ಕೇ ಮರುಮುದ್ರಣಕ್ಕೆ ಯಾರೂ ಕೈ ಹಾಕಲ್ಲ. ನೀವು ನೋಡ್ತಿರೋದೆಲ್ಲ ಹೆಚ್ಚುಕಡಿಮೆ ಗೋದಾಮಿನಲ್ಲಿ ಉಳಿದ ಸ್ಟಾಕು.

ಇನ್ನು ಆನ್‌ಲೈನ್ ಖರ್ಚು. 199ಕ್ಕೆ ಮಾರಿದ್ರೆ ಅದರೊಳಗೆ ಶೇ 18 ಜಿಎಸ್‌ಟಿ ಸೇರಿದೆ, ಅಂದ್ರೆ 30 ರೂಪಾಯಿ 36 ಪೈಸೆ. ಉಳಿದದ್ದು 168.64. ಕೊರಿಯರ್ ಮತ್ತು ವೇದಿಕೆಯ ನಿಗದಿತ ಶುಲ್ಕ ಸೇರಿ 80, ಕಮಿಷನ್ 20 ಅಂತ ಸುಮ್ನೆ ಲೆಕ್ಕಕ್ಕೆ ಇಟ್ಕೊಳ್ಳಿ, ಕೈಗೆ ಬರೋದು 68. ಅದರಲ್ಲೇ ಡಿಸ್ಕಿನ ಅಸಲು, ಬಬಲ್ ಕವರ್, ವಾಪಸ್ ಬಂದ ಪಾರ್ಸೆಲ್ಲಿನ ನಷ್ಟ. ಆ 80 ರೂಪಾಯಿ 199ಕ್ಕೂ ಒಂದೇ, 899ಕ್ಕೂ ಒಂದೇ. ಅದಕ್ಕೇ ಕಡಿಮೆ ಬೆಲೆಯ ಡಿಸ್ಕುಗಳೇ ಮೊದಲು ಮಾಯವಾಗೋದು. 150 ರೂಪಾಯಿಯದ್ದು 300 ಆದ್ರೆ ನನಗೆ ಅರ್ಥ ಆಗುತ್ತೆ. 899ಕ್ಕೆ ಮಾತ್ರ ಈ ಲೆಕ್ಕದಲ್ಲಿ ಸಮರ್ಥನೆ ಇಲ್ಲ.

ಗೌರಿಬಿದನೂರು ಕೋಡರ್
899ಕ್ಕೆ ಕಾರಣ ಬಹುಪಾಲು ಬೆಲೆ ಬದಲಿಸೋ ಸಾಫ್ಟ್‌ವೇರ್. ಮಾರಾಟಗಾರರು ಸಾವಿರಾರು ಐಟಂಗಳ ಬೆಲೆಯನ್ನ ಕೈಯಲ್ಲಿ ಹಾಕಲ್ಲ. 'ಪಕ್ಕದವನಿಗಿಂತ ಒಂದು ರೂಪಾಯಿ ಕಮ್ಮಿ', 'ನಾನೊಬ್ಬನೇ ಉಳಿದ್ರೆ ಇಷ್ಟು ಪಟ್ಟು' ಅಂತ ನಿಯಮ ಬರೆದು ಬಿಟ್ಟಿರ್ತಾರೆ. ಹತ್ತು ಜನ ಇದ್ದಾಗ ಮೊದಲ ನಿಯಮ ಬೆಲೆ ಇಳಿಸುತ್ತೆ. ಒಂಬತ್ತು ಜನರ ಸ್ಟಾಕ್ ಮುಗಿದ ದಿನ ಎರಡನೇದು ಶುರು.

ಇನ್ನೂ ಕೆಟ್ಟದ್ದು ಇಬ್ಬರೇ ಉಳಿದಾಗ. 2011ರಲ್ಲಿ ಅಮೆರಿಕದ ಅಮೆಜಾನ್‌ನಲ್ಲಿ ನೊಣದ ಬೆಳವಣಿಗೆ ಕುರಿತ ಒಂದು ಜೀವಶಾಸ್ತ್ರ ಪುಸ್ತಕದ ಬೆಲೆ 2 ಕೋಟಿ 36 ಲಕ್ಷ ಡಾಲರ್ ದಾಟಿತ್ತು. ಒಬ್ಬನ ಪ್ರೋಗ್ರಾಂ ಇನ್ನೊಬ್ಬನ ಬೆಲೆಯ 0.9983 ಪಟ್ಟು ಇಡ್ತಿತ್ತು, ಇನ್ನೊಬ್ಬನದ್ದು ಇವನ ಬೆಲೆಯ 1.270589 ಪಟ್ಟು. ಒಂದು ಸುತ್ತಿಗೆ ಬೆಲೆ ಸುಮಾರು ಶೇ 27 ಏರುತ್ತೆ. ಅದೇ ಸೂತ್ರ ನಮ್ಮ 299 ರೂಪಾಯಿ ಡಿವಿಡಿಗೆ ಹಾಕಿ ನೋಡಿ: ಮೂರು ಸುತ್ತಿಗೆ 610, ಆರು ಸುತ್ತಿಗೆ 1,245. ಮಧ್ಯೆ ಒಬ್ಬ ಮನುಷ್ಯನೂ ಕಣ್ಣು ಹಾಯಿಸಿರಲ್ಲ.

ಹಾಗಾಗಿ ಬೆಲೆ ದಿಢೀರ್ ಏರಿದ್ರೆ ಅವತ್ತೇ ಕೊಳ್ಳಬೇಡಿ. ಬೆಲೆಯ ಇತಿಹಾಸ ತೋರಿಸೋ ಬ್ರೌಸರ್ ಎಕ್ಸ್‌ಟೆನ್ಷನ್ ಹಾಕ್ಕೊಂಡು ಗೆರೆ ನೋಡಿ. ಗೆರೆ ಮೆಟ್ಟಿಲು ಮೆಟ್ಟಿಲಾಗಿ ಏರ್ತಾ ಹೋಗಿದ್ರೆ ಅದು ಸಾಫ್ಟ್‌ವೇರ್ ಆಟ, ಇನ್ನೊಬ್ಬ ಮಾರಾಟಗಾರ ಬಂದ ತಕ್ಷಣ ಬೀಳುತ್ತೆ. ಒಂದೇ ನೆಗೆತಕ್ಕೆ ಏರಿ ತಿಂಗಳುಗಟ್ಟಲೆ ನೆಟ್ಟಗೆ ನಿಂತಿದ್ರೆ ನಿಜವಾಗ್ಲೂ ಒಬ್ಬನ ಹತ್ರ ಮಾತ್ರ ಉಳಿದಿದೆ ಅಂತ ಅರ್ಥ.

ಶಿಡ್ಲಘಟ್ಟ ಗೂಡು
ಪಿನ್‌ಕೋಡ್ ಬದಲಿಸಿಯೂ ನೋಡಿ. 562101 ಅಥವಾ 572101 ಹಾಕಿದಾಗ ಒಬ್ಬನೇ ಮಾರಾಟಗಾರ ಕಾಣ್ತಾನೆ, 560001 ಹಾಕಿದ್ರೆ ಮೂವರು ಕಾಣ್ಬಹುದು. ಎಲ್ಲರೂ ಎಲ್ಲ ಊರಿಗೂ ಕಳಿಸಲ್ಲ. ಬೆಂಗಳೂರಲ್ಲಿ ನೆಂಟರಿದ್ರೆ ಅಲ್ಲಿಗೆ ತರಿಸಿ. ಮತ್ತೆ ಮುಖ್ಯ ಗುಂಡಿ ಒತ್ತೋ ಮುಂಚೆ 'ಬೇರೆ ಮಾರಾಟಗಾರರು' ಅನ್ನೋ ಸಣ್ಣ ಕೊಂಡಿ ಒತ್ತಿ, ಸಾಗಣೆ ವೆಚ್ಚ ಸೇರಿಸಿ ಹೋಲಿಸಿ.

ಮುಳಬಾಗಿಲು ನೋಡುಗ
ಇಷ್ಟೆಲ್ಲ ಯಾಕೆ ಗುರು, ಹಳೇ ಚಿತ್ರಗಳೆಲ್ಲ ಫೋನಲ್ಲೇ ಪುಕ್ಕಟೆ ಸಿಗುತ್ತಲ್ಲ?

ಗುಬ್ಬಿ ರಂಗ
ಎಲ್ಲಾ ಸಿಗಲ್ಲ. ಸಿಕ್ಕಿದ್ದೂ ಹಲವು ಸಲ ಅರ್ಧಂಬರ್ಧ. ಕಪ್ಪುಬಿಳುಪು ಚಿತ್ರದ ಚೌಕಟ್ಟು ಸುಮಾರು 4:3, ಅಂದ್ರೆ ಅಗಲ ನಾಲ್ಕು ಪಾಲು, ಎತ್ತರ ಮೂರು ಪಾಲು. ಅದನ್ನ ಈಗಿನ ಅಗಲ ಪರದೆಗೆ ತುಂಬಿಸೋಕೆ ಮೇಲೆ ಕೆಳಗೆ ಕತ್ತರಿಸ್ತಾರೆ. ಚಿತ್ರದ ಕಾಲು ಭಾಗವೇ ಹೋಗುತ್ತೆ, ತಲೆಗೂದಲು ಪಾದ ಎರಡೂ ಕಾಣಲ್ಲ. ರಂಗಭೂಮಿಯಿಂದ ಬಂದ ನಟರು ಇಡೀ ಮೈಯಲ್ಲಿ ಅಭಿನಯಿಸ್ತಿದ್ರು, ಅದನ್ನ ಸೊಂಟಕ್ಕೆ ಕತ್ತರಿಸಿ ನೋಡೋದು ಅನ್ಯಾಯ. ಹಾಡು ಹಾರಿಸಿರ್ತಾರೆ, ಮೂಲೇಲಿ ಚಾನೆಲ್ ಮುದ್ರೆ ಕೂತಿರುತ್ತೆ. ಹಕ್ಕಿನ ಒಪ್ಪಂದ ಮುಗಿದ ದಿನ ಚಿತ್ರವೇ ಕಾಣೆ. ಕಪಾಟಿನಲ್ಲಿರೋ ಡಿಸ್ಕನ್ನ ಯಾರೂ ಹಿಂದಕ್ಕೆ ತಗೊಳ್ಳೋಕಾಗಲ್ಲ.

ಕೋಲಾರ ಬಿಟ್‌ರೇಟ್
ರಂಗ ಅವರ ಮಾತು ಒಪ್ತೀನಿ, ಆದ್ರೆ ಡಿಸ್ಕ್ ಅಂದಮಾತ್ರಕ್ಕೆ ಗುಣಮಟ್ಟ ಇದೆ ಅನ್ಕೋಬೇಡಿ. 899 ಕೊಡೋ ಮುಂಚೆ ಅದು '3 ಇನ್ 1', ಅಂದ್ರೆ ಮೂರು ಚಿತ್ರ ಒಂದೇ ಡಿಸ್ಕಿಗೆ ಹಾಕಿದ್ದಾ ನೋಡಿ.

ಒಂದು ಪದರದ ಡಿವಿಡಿ 4.7 ಜಿಬಿ, ಎರಡು ಪದರದ್ದು 8.5 ಜಿಬಿ. ಎರಡೂವರೆ ಗಂಟೆಯ ಒಂದೇ ಚಿತ್ರ ಎರಡು ಪದರದಲ್ಲಿದ್ರೆ ಸೆಕೆಂಡಿಗೆ ಸುಮಾರು 7.5 ಮೆಗಾಬಿಟ್ ಮಾಹಿತಿ ಸಿಗುತ್ತೆ, ಒಂದು ಪದರದಲ್ಲಿ 4.2. ಇದು ಹೆಚ್ಚಿದ್ದಷ್ಟೂ ಚಿತ್ರ ಸ್ಪಷ್ಟ. ಅದೇ ಒಂದು ಪದರಕ್ಕೆ ಮೂರು ಚಿತ್ರ ತುರುಕಿದ್ರೆ ತಲಾ 1.4ಕ್ಕೂ ಕಮ್ಮಿ, ಅದರಲ್ಲೇ ಧ್ವನಿಯೂ ಸೇರಿ. ವಿಸಿಡಿಯ ಚಿತ್ರಕ್ಕೇ 1.15 ಮೆಗಾಬಿಟ್ ಇತ್ತು, ಅದೂ 352ಕ್ಕೆ 288 ಚುಕ್ಕೆಗಳ (ಪಿಕ್ಸೆಲ್) ಪುಟ್ಟ ಚೌಕಟ್ಟಿಗೆ. 720ಕ್ಕೆ 576ರ ಡಿವಿಡಿ ಚೌಕಟ್ಟಿಗೆ ಇಷ್ಟೇ ಬಿಟ್ ಕೊಟ್ರೆ ಮಳೆ ದೃಶ್ಯ, ಜಾತ್ರೆ ದೃಶ್ಯ ಬಂದಾಗ ಚೌಕ ಚೌಕ ಒಡೆಯುತ್ತೆ, ಕಪ್ಪು ಸೀರೆಯೂ ಹಿಂದಿನ ಗೋಡೆಯೂ ಒಂದೇ ಮುದ್ದೆ ಆಗುತ್ತೆ. ಅಂಥ ಡಿಸ್ಕಿಗೆ 100 ರೂಪಾಯಿಯೂ ಹೆಚ್ಚು. ಒಂದೇ ಚಿತ್ರ ಇರೋ ಹಳೇ ಡಿವಿಡಿಗೆ 350 ಕೊಟ್ರೂ ನನಗೆ ಬೇಸರ ಇಲ್ಲ.

ಶಿರಾಗೇಟ್ ಸಂಗ್ರಹ, ತುಮಕೂರು
ನಾನು ಹೇಳಿದ್ದು ಒಂದೇ ಚಿತ್ರದ್ದು. ಈಗ ಎಂಆರ್‌ಪಿ ವಿಷಯಕ್ಕೆ ಬನ್ನಿ. ಹಿಂದೆ 199 ಅಚ್ಚಾಗಿದ್ದು 899ಕ್ಕೆ ಮಾರೋದು ಸರೀನಾ?

ಕೋರ್ಟ್ ರಸ್ತೆ, ಚಿಕ್ಕಬಳ್ಳಾಪುರ
ಸರಿ ಅಲ್ಲ. ಆದ್ರೆ ಎರಡು ಬೇರೆ ಬೇರೆ ವಿಷಯಗಳನ್ನ ಬೆರೆಸಬೇಡಿ.

ಎಂಆರ್‌ಪಿ ಒಳಗೆ ಎಷ್ಟು ಬೇಕಾದ್ರೂ ಬೆಲೆ ಏರಿಸಬಹುದು. ಎಂಆರ್‌ಪಿ 499 ಇದ್ದು, ನಿನ್ನೆ 149ಕ್ಕೆ ಕೊಟ್ಟು ಇವತ್ತು 499 ಅಂದ್ರೆ ಕೋಪ ಬರಬಹುದು, ಎಂಆರ್‌ಪಿ ನಿಯಮದಲ್ಲಿ ಅದು ತಪ್ಪಾಗಲ್ಲ. ಅಚ್ಚಾದ ಎಂಆರ್‌ಪಿ ದಾಟಿ ಮಾರೋದು ತಪ್ಪು. 2011ರ ಕಾನೂನು ಮಾಪನಶಾಸ್ತ್ರದ (ಅಂದ್ರೆ ತೂಕ-ಅಳತೆ ಕಾನೂನಿನ) ಪೊಟ್ಟಣ ಸರಕು ನಿಯಮಗಳಲ್ಲಿ 18(2) ನೋಡಿ. ಆ ಬೆಲೆ ಎಲ್ಲ ತೆರಿಗೆ ಸೇರಿದ್ದು, ಹಾಗಾಗಿ 'ಜಿಎಸ್‌ಟಿ ಬೇರೆ' ಅನ್ನೋ ಮಾತೂ ನಡೆಯಲ್ಲ.

ಹಳೇ ಬೆಲೆ ಮೇಲೆ ಹೊಸ ಚೀಟಿ ಅಂಟಿಸೋದು ಇನ್ನೊಂದು ದಾರಿ. ನಿಯಮ 6(3) ಪ್ರಕಾರ ಚೀಟಿ ಹಚ್ಚೋಕೆ ಅವಕಾಶ ಇರೋದು ಬೆಲೆ ಇಳಿಸೋಕೆ ಮಾತ್ರ, ಆಗಲೂ ಕೆಳಗಿನ ಮೂಲ ಬೆಲೆ ಮುಚ್ಚಬಾರದು. 2017ರಲ್ಲಿ ಜಿಎಸ್‌ಟಿ ಬಂದಾಗ ಹಳೇ ಸ್ಟಾಕಿಗೆ ಕೆಲವು ತಿಂಗಳ ಮಟ್ಟಿಗೆ ಹೊಸ ಬೆಲೆ ಚೀಟಿ ಬಿಟ್ಟಿದ್ರು, ಅದೂ ಹಳೇ ಬೆಲೆ ಕಾಣೋ ಹಾಗೆ. ಆ ಅವಧಿ ಯಾವತ್ತೋ ಮುಗಿದಿದೆ. ವಿದೇಶದಿಂದ ತಂದ ಡಿಸ್ಕಿಗೆ ಆಮದುದಾರನ ಹೆಸರು, ವಿಳಾಸ, ಎಂಆರ್‌ಪಿ ಇರೋ ಚೀಟಿ ಬೇರೆ ಮಾತು, ಅದು ಇರಲೇಬೇಕು.

2018ರ ಜನವರಿಯಿಂದ ಆನ್‌ಲೈನ್ ಪುಟದಲ್ಲೂ ಎಂಆರ್‌ಪಿ ತೋರಿಸೋದು ಕಡ್ಡಾಯ. ಪುಟದಲ್ಲಿ 1,499, ಡಿಸ್ಕಿನ ಮೇಲೆ 199 ಅಂದ್ರೆ ರಿಯಾಯಿತಿಯೇ ಸುಳ್ಳು. ಇದು ಬರೀ ಮಾಪನಶಾಸ್ತ್ರದ ತಪ್ಪಲ್ಲ, 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ ಅನುಚಿತ ವ್ಯಾಪಾರ ಪದ್ಧತಿ ಅಂತಲೂ ವಾದಿಸಬಹುದು.

ಒಂದು ಎಚ್ಚರಿಕೆ: ಇದೆಲ್ಲ ಸೀಲ್ ಇರೋ ಹೊಸ ಡಿಸ್ಕಿಗೆ. 'ಬಳಸಿದ್ದು', 'ಸಂಗ್ರಹಯೋಗ್ಯ' ಅಂತ ಪಟ್ಟಿ ಮಾಡಿದ್ದಕ್ಕೆ ಎಂಆರ್‌ಪಿ ವಾದ ನಿಲ್ಲಿಸೋದು ಕಷ್ಟ. ಕೊಳ್ಳೋ ಮುಂಚೆ ಸ್ಥಿತಿ ಏನು ಬರೆದಿದ್ದಾರೆ ನೋಡಿ, ಸ್ಕ್ರೀನ್‌ಶಾಟ್ ತೆಗೆದಿಡಿ.

ಕ್ಯಾತ್ಸಂದ್ರ ಗ್ರಾಹಕ
ದೂರು ಎಲ್ಲಿ ಕೊಡಬೇಕು ಸಾರ್? ಮಾರಾಟಗಾರ ದೆಹಲಿಯವನು ಅಂದ್ರೆ ನಾವು ದೆಹಲಿಗೆ ಹೋಗೋಕಾಗುತ್ತಾ?

ಕೋರ್ಟ್ ರಸ್ತೆ, ಚಿಕ್ಕಬಳ್ಳಾಪುರ
ಬೇಕಾಗಿಲ್ಲ. ಹೊಸ ಕಾಯ್ದೆಯ ದೊಡ್ಡ ಅನುಕೂಲವೇ ಅದು: ಗ್ರಾಹಕ ವಾಸ ಇರೋ ಜಿಲ್ಲೆಯ ಗ್ರಾಹಕ ಆಯೋಗದಲ್ಲೇ ದೂರು ಹಾಕಬಹುದು. ನೀವು ತುಮಕೂರು ಜಿಲ್ಲಾ ಆಯೋಗಕ್ಕೇ ಕೊಡಿ. ಆದ್ರೆ ನೇರ ಅಲ್ಲಿಗೆ ಓಡಬೇಡಿ. ಮೊದಲು ಆ ವೇದಿಕೆಯ ಕುಂದುಕೊರತೆ ಅಧಿಕಾರಿಗೆ ಬರೀರಿ, ಹೆಸರು ಮತ್ತು ಸಂಪರ್ಕ ಅವರ ತಾಣದಲ್ಲೇ ಇರಬೇಕು. 2020ರ ಇ-ವಾಣಿಜ್ಯ ನಿಯಮದ ಪ್ರಕಾರ 48 ಗಂಟೆಯೊಳಗೆ ದೂರು ತಲುಪಿದೆ ಅಂತ ಹೇಳಬೇಕು, ಒಂದು ತಿಂಗಳೊಳಗೆ ಬಗೆಹರಿಸಬೇಕು. ಜೊತೆಗೇ 1915ಕ್ಕೆ ಕರೆ ಮಾಡಿ, ಅದು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ, ಕನ್ನಡದಲ್ಲೂ ಮಾತಾಡಬಹುದು. ಎಂಆರ್‌ಪಿ ದಾಟಿದ್ದಕ್ಕೆ ಜಿಲ್ಲೆಯ ಕಾನೂನು ಮಾಪನಶಾಸ್ತ್ರ ಕಚೇರಿಗೂ ಒಂದು ಪ್ರತಿ.

ಇದ್ಯಾವುದಕ್ಕೂ ಬಗ್ಗದಿದ್ರೆ ಇ-ಜಾಗೃತಿ ತಾಣದಲ್ಲಿ ಆಯೋಗಕ್ಕೆ ದೂರು. ಐದು ಲಕ್ಷದವರೆಗಿನ ವ್ಯವಹಾರಕ್ಕೆ ಶುಲ್ಕ ಇಲ್ಲ. ಎರಡು ವರ್ಷದೊಳಗೆ ಹಾಕಬೇಕು.

ಎಂ.ಜಿ. ರಸ್ತೆ ಅಂಗಡಿ, ತುಮಕೂರು
ನಾನು ಒಪ್ಪೋ ಮಾತು. ಎಂಆರ್‌ಪಿ ದಾಟಿ ಮಾರೋನಿಂದ ನಿಯತ್ತಿನ ಅಂಗಡಿಯವರಿಗೂ ಕೆಟ್ಟ ಹೆಸರು.

ಚಿಂತಾಮಣಿ ಕಡೆಯವ
ಇಷ್ಟು ದುಡ್ಡು ಕೊಟ್ಟು ತರಿಸಿದ್ದು ಅಸಲಿಯಾ ಅಂತ ತಿಳಿಯೋದು ಹೇಗೆ? ಬೆಲೆ ಏರಿದ ಮೇಲೆ ನಕಲೂ ಜಾಸ್ತಿ ಬರುತ್ತೆ.

ಕೋಲಾರ ಬಿಟ್‌ರೇಟ್
ಡಿಸ್ಕ್ ತಿರುಗಿಸಿ ಬಿಸಿಲಿಗೆ ಹಿಡೀರಿ. ಕಾರ್ಖಾನೇಲಿ ಒತ್ತಿದ್ದು ಬೆಳ್ಳಿ ಬಣ್ಣ, ಎರಡು ಪದರದ್ದಾದ್ರೆ ತುಸು ಹೊಂಬಣ್ಣ. ನೇರಳೆ ಛಾಯೆ ಕಂಡ್ರೆ ಕಂಪ್ಯೂಟರಲ್ಲಿ ಬರೆದ ಡಿಸ್ಕ್. ನಡುವಿನ ತೂತಿನ ಸುತ್ತ ಇರೋ ಉಂಗುರದಲ್ಲಿ ಸಣ್ಣ ಅಂಕಿಗಳ ಸಾಲು ಇರಬೇಕು, ಜೊತೆಗೆ ಬಹಳ ಕಡೆ 'ಐಎಫ್‌ಪಿಐ' (IFPI, ಧ್ವನಿಮುದ್ರಣ ಉದ್ಯಮದ ಅಂತರರಾಷ್ಟ್ರೀಯ ಸಂಸ್ಥೆಯ ಗುರುತು) ಅನ್ನೋ ಸೂಕ್ಷ್ಮ ಅಕ್ಷರ. ಕವರ್ ಮೇಲೆ ಸೆನ್ಸಾರ್ ಪ್ರಮಾಣಪತ್ರದ ಪ್ರತಿ, ತಯಾರಕರ ಹೆಸರು ವಿಳಾಸ, ಹಕ್ಕುದಾರರ ಒಪ್ಪಿಗೆ ಪಡೆದಿದೆ ಅನ್ನೋ ಘೋಷಣೆ, ಈ ಮೂರೂ ಇರಬೇಕು ಅಂತ ಕೃತಿಸ್ವಾಮ್ಯ ಕಾಯ್ದೆಯ 52ಎ ಹೇಳುತ್ತೆ. ನೇರಳೆ ಡಿಸ್ಕ್ ಬಂದು ಈ ಮೂರೂ ಇಲ್ಲ ಅಂದ್ರೆ ಅವತ್ತೇ ವಾಪಸ್ ಹಾಕಿ.

ಈಗ ಪರೀಕ್ಷೆ. ಬಹಳ ಜನ ಮೊದಲ ಹತ್ತು ನಿಮಿಷ ಓಡಿಸಿ 'ಚೆನ್ನಾಗಿದೆ' ಅಂತ ಕಪಾಟಿಗೆ ಇಡ್ತಾರೆ. ವಾಪಸ್ ಅವಧಿ ಮುಗಿದ ಮೇಲೆ ನೋಡೋಕೆ ಕೂತ್ರೆ ಇಂಟರ್‌ವಲ್ ಹೊತ್ತಿಗೆ ನಿಲ್ಲುತ್ತೆ. ಅದಕ್ಕೆ ಕಾರಣ ಇದೆ. ಡಿಸ್ಕ್ ಓದೋದು ಒಳಗಿಂದ ಹೊರಕ್ಕೆ. ಒಂದು ಪದರದ ತುಂಬಿದ ಡಿಸ್ಕಿನಲ್ಲಿ ಚಿತ್ರದ ಕೊನೆ ಅಂಚಿನಲ್ಲಿರುತ್ತೆ. ಎರಡು ಪದರದ ಸಿನಿಮಾ ಡಿಸ್ಕಿನಲ್ಲಿ ಮೊದಲ ಪದರ ಒಳಗಿಂದ ಹೊರಕ್ಕೆ ಹೋಗಿ, ಎರಡನೇ ಪದರ ಹೊರಗಿಂದ ಒಳಕ್ಕೆ ಬರುತ್ತೆ. ಅಂದ್ರೆ ಚಿತ್ರದ ನಡುಭಾಗವೇ ಹೊರ ಅಂಚಿನಲ್ಲಿ. ಗಾಳಿ ತೇವ ನುಗ್ಗೋದು, ಅಂಟು ಬಿಡೋದು, ಡಿಸ್ಕ್ ಸೊಟ್ಟಗಾಗೋದು, ಬೆರಳು ತಾಗೋದು ಎಲ್ಲ ಹೆಚ್ಚಾಗಿ ಅಂಚಿನಲ್ಲೇ. ಆದ್ದರಿಂದ ಒಂದು ಪದರದ್ದಾದ್ರೆ ಕೊನೆಯ ಹದಿನೈದು ನಿಮಿಷ, ಎರಡು ಪದರದ್ದಾದ್ರೆ ನಡುವಿನ ಇಪ್ಪತ್ತು ನಿಮಿಷ ಪೂರ್ತಿ ಓಡಿಸಿ.

ಕಂಪ್ಯೂಟರ್ ಡ್ರೈವ್ ಇದ್ರೆ ಇನ್ನೂ ಸುಲಭ. ಇಡೀ ಡಿಸ್ಕನ್ನ ಒಂದು ಸಲ ಓದಿಸಿ ಇಮೇಜ್ ಫೈಲ್ (ಡಿಸ್ಕಿನ ಪೂರ್ತಿ ನಕಲು) ಮಾಡಿ. 8 ಪಟ್ಟು ವೇಗದ ಡ್ರೈವ್‌ನಲ್ಲಿ 4.7 ಜಿಬಿಗೆ ಹತ್ತರಿಂದ ಹದಿನೈದು ನಿಮಿಷ. ಒಂದು ಕಡೆ ವೇಗ ಕುಸಿದು ಡ್ರೈವ್ 'ಗರ್ ಗರ್' ಅಂತ ಮತ್ತೆ ಮತ್ತೆ ಯತ್ನಿಸಿದ್ರೆ ಅಲ್ಲೇ ದೋಷ. ಹಾಗೆ ಓದಿಸಿದ ಫೈಲನ್ನ ಹಂಚೋಕೆ ಹೋಗಬೇಡಿ, ಅದು ಕೃತಿಸ್ವಾಮ್ಯ ಉಲ್ಲಂಘನೆ.

ಸೀಲ್ ಇದೆ ಅಂದಮಾತ್ರಕ್ಕೆ ಡಿಸ್ಕ್ ಹೊಸದು ಅಂತಲ್ಲ ಅನ್ನೋದೂ ನೆನಪಿರಲಿ. ಗೋದಾಮಿನಲ್ಲಿ ಹದಿನೈದು ವರ್ಷ ಬಿಸಿಲು ತೇವ ತಿಂದಿದ್ರೆ ಒಳಗಿನ ಅಲ್ಯೂಮಿನಿಯಂ ಪದರ ಕೆಟ್ಟಿರುತ್ತೆ. ಟ್ಯೂಬ್‌ಲೈಟಿಗೆ ಹಿಡಿದ್ರೆ ಕಂದು ಚುಕ್ಕೆ, ಮೋಡದಂಥ ಕಲೆ, ಅಂಚಿನಲ್ಲಿ ಪೊರೆ ಬಿಟ್ಟ ಹಾಗೆ ಕಾಣುತ್ತೆ. ಅದಕ್ಕೆ ರಿಪೇರಿ ಇಲ್ಲ.

ಶಿಡ್ಲಘಟ್ಟ ಗೂಡು
ಗೀರಿಗೆ ಟೂತ್‌ಪೇಸ್ಟ್ ಉಜ್ಜಿದ್ರೆ ಸರಿ ಹೋಗುತ್ತೆ ಅಂತಾರಲ್ಲ?

ಕೋಲಾರ ಬಿಟ್‌ರೇಟ್
ಬೇಡ ಅಣ್ಣಾ, ಅದು ನೂರು ಸಣ್ಣ ಗೀರು ಹೊಸದಾಗಿ ಹಾಕುತ್ತೆ. ಮೆತ್ತನೆ ಹತ್ತಿ ಬಟ್ಟೆ ಒದ್ದೆ ಮಾಡಿ ನಡುವಿಂದ ಅಂಚಿಗೆ ನೇರವಾಗಿ ಒರೆಸಿ, ಗುಂಡಗೆ ಅಲ್ಲ. ಗುಂಡಗೆ ಒರೆಸಿದಾಗ ಬೀಳೋ ಗೀರು ಮಾಹಿತಿ ಇರೋ ಸುರುಳಿ ದಾರಿಯ ಉದ್ದಕ್ಕೇ ಸಾಗುತ್ತೆ, ಆಗ ಪ್ಲೇಯರಿನ ದೋಷ ತಿದ್ದೋ ವ್ಯವಸ್ಥೆ ಕೈಚೆಲ್ಲುತ್ತೆ. ಅಡ್ಡ ಗೀರನ್ನ ಅದು ಸಂಭಾಳಿಸುತ್ತೆ.

ಕೆಜಿಎಫ್ ರಾಬರ್ಟ್‌ಸನ್‌ಪೇಟೆ
ನಮ್ಮ ಕಡೆ ತಮಿಳು, ತೆಲುಗು ಡಿಸ್ಕಿಗೂ ಇದೇ ಗೋಳು. ಹೊರದೇಶದಿಂದ ತರಿಸಿದ್ರೆ ಅಗ್ಗ ಆಗುತ್ತಾ?

ಗೌರಿಬಿದನೂರು ಕೋಡರ್
ಸಾಗಣೆ, ಕಸ್ಟಮ್ಸ್ ಸುಂಕ, ಕೊರಿಯರ್‌ನವರ ಶುಲ್ಕ ಸೇರಿದ್ರೆ ಒಂದೆರಡು ಡಿಸ್ಕಿಗೆ ಗಿಟ್ಟಲ್ಲ. ತರಿಸೋದೇ ಆದ್ರೆ ರೀಜನ್, ಅಂದ್ರೆ ಯಾವ ದೇಶದ ಪ್ಲೇಯರಲ್ಲಿ ಓಡುತ್ತೆ ಅನ್ನೋ ಅಂಕಿ ನೋಡಿ: ಭಾರತ 5, ಅಮೆರಿಕ 1, ಬ್ರಿಟನ್ 2. ಕವರ್ ಮೇಲೆ ಭೂಗೋಳದ ಚಿತ್ರದೊಳಗೆ ಅಂಕಿ ಇರುತ್ತೆ. 0 ಅಥವಾ 'ಆಲ್' ಅಂತಿದ್ರೆ ಎಲ್ಲೂ ಓಡುತ್ತೆ. ಕಂಪ್ಯೂಟರ್ ಡ್ರೈವ್‌ನಲ್ಲಿ ರೀಜನ್ ಐದೇ ಸಲ ಬದಲಿಸಬಹುದು, ಐದನೇದಕ್ಕೆ ಬೀಗ ಬಿದ್ದ ಹಾಗೆ.

ಗುಬ್ಬಿ ರಂಗ
ಅದಕ್ಕಿಂತ ಊರಲ್ಲಿ ಮುಚ್ಚಿಹೋದ ವಿಡಿಯೋ ಲೈಬ್ರರಿ, ಕ್ಯಾಸೆಟ್ ಅಂಗಡಿಯವರನ್ನ ವಿಚಾರಿಸಿ. ಅಟ್ಟದ ಮೇಲೆ ಪೆಟ್ಟಿಗೆಗಳು ಇದ್ದೇ ಇರ್ತವೆ. ಬಾಡಿಗೆಗೆ ಓಡಿದ ಡಿಸ್ಕಾದ್ರೆ ನಡುವಿನ ತೂತಿನ ಸುತ್ತ ಬಿರುಕು ಇದೆಯಾ ನೋಡಿ. ಅಲ್ಲಿ ಕೂದಲೆಳೆ ಬಿರುಕಿದ್ರೂ ವೇಗವಾಗಿ ತಿರುಗೋವಾಗ ಡ್ರೈವ್ ಒಳಗೇ ಒಡೆಯಬಹುದು. ಕೇಸ್ ಮುರಿದಿದ್ರೆ ಚಿಂತೆ ಇಲ್ಲ, 14 ಮಿಲಿಮೀಟರಿನ ಖಾಲಿ ಕೇಸ್ ಸಿಗುತ್ತೆ, ಹೊರಗಿನ ಕಾಗದ ಅದಕ್ಕೆ ಸರಿಯಾಗಿ ಕೂರುತ್ತೆ.

ಶಿರಾಗೇಟ್ ಸಂಗ್ರಹ, ತುಮಕೂರು
ಬಹಳ ಉಪಕಾರ ಆಯ್ತು. ಆ 899ರದ್ದು ಆರ್ಡರ್ ಮಾಡಿ, ಹಿಂದೆ 199 ಇದ್ರೆ ದೂರು ಕೊಡೋಣ ಅನ್ಕೊಂಡಿದ್ದೀನಿ. ಸಾಕ್ಷಿಗೆ ಏನೇನು ಇಟ್ಕೋಬೇಕು?

ಕೋರ್ಟ್ ರಸ್ತೆ, ಚಿಕ್ಕಬಳ್ಳಾಪುರ
ಆರ್ಡರ್ ಮಾಡೋ ಮುಂಚೆ ಪುಟದ ಸ್ಕ್ರೀನ್‌ಶಾಟ್: ಬೆಲೆ, ಎಂಆರ್‌ಪಿ, ಮಾರಾಟಗಾರನ ಹೆಸರು, 'ಹೊಸದು' ಅನ್ನೋ ಪದ, ದಿನಾಂಕ ಎಲ್ಲ ಕಾಣಬೇಕು. ಇನ್‌ವಾಯ್ಸ್ ಇಳಿಸಿಕೊಳ್ಳಿ, ಅದರಲ್ಲಿ ಮಾರಾಟಗಾರನ ಜಿಎಸ್‌ಟಿ ಸಂಖ್ಯೆ ಇದೆಯಾ ನೋಡಿ. ಪಾರ್ಸೆಲ್ ಬಿಚ್ಚೋದನ್ನ ಎಲ್ಲೂ ನಿಲ್ಲಿಸದೆ ಒಂದೇ ವಿಡಿಯೋ ಮಾಡಿ: ಮೊದಲು ಪಾರ್ಸೆಲ್ ಮೇಲಿನ ವಿಳಾಸದ ಚೀಟಿ, ಆಮೇಲೆ ಸೀಲ್, ಆಮೇಲೆ ಹಿಂಬದಿಯ ಬೆಲೆ. ಚೀಟಿ ಮೇಲೆ ಚೀಟಿ ಇದ್ರೆ ಕೀಳಬೇಡಿ, ಹಾಗೇ ಫೋಟೋ ತೆಗೀರಿ.

ಮತ್ತೆ ಹೊರಗಿನ ಪ್ಲಾಸ್ಟಿಕ್ ಹಾಳೆ ಕಸಕ್ಕೆ ಹಾಕಬೇಡಿ. ಕೆಲವು ಡಿಸ್ಕುಗಳಲ್ಲಿ ಬೆಲೆ ಇರೋದು ಒಳಗಿನ ಕಾಗದದ ಮೇಲಲ್ಲ, ಆ ಹಾಳೆಗೆ ಅಂಟಿದ ಚೀಟಿ ಮೇಲೆ.